ಪ್ಯಾಕೆಟ್ಟಿನ ಮುಂದೆ ಹೆಸರು, ಹಿಂದೆ ಸರಕು

ತುಮಕೂರಿನ ಮಂಡಿಪೇಟೆಯಾಗಲಿ, ಚಿಂತಾಮಣಿಯ ಕಿರಾಣಿ ಅಂಗಡಿಯಾಗಲಿ, "ಅಣ್ಣಾ, ಇದು ಒರಿಜಿನಲ್ಲಾ?" ಅಂತ ಕೇಳಿ ನೋಡಿ. "ಕಂಪನಿ ಮಾಲು ಅಕ್ಕಾ, ಕಣ್ಣು ಮುಚ್ಕೊಂಡು ತಗೊಳ್ಳಿ" ಅನ್ನೋ ಉತ್ತರ ಬರುತ್ತದೆ. ಕೇಳಿದ್ದು ಒಳಗಿರುವ ಎಣ್ಣೆಯ ಬಗ್ಗೆ, ಸಿಕ್ಕಿದ್ದು ಹೊರಗಿನ ಹೆಸರಿನ ಬಗ್ಗೆ. ಟ್ರೇಡ್‌ಮಾರ್ಕ್ ಕಾನೂನನ್ನು ಗ್ರಾಹಕರೂ ತಪ್ಪು ತಿಳಿಯುವುದು, ಸಣ್ಣ ತಯಾರಕರೂ ತಪ್ಪು ತಿಳಿಯುವುದು ಇಲ್ಲೇ. ಈ ಸರಕು ಯಾರ ಕಡೆಯಿಂದ ಬಂತು ಅನ್ನುವುದಷ್ಟನ್ನೇ ಟ್ರೇಡ್‌ಮಾರ್ಕ್ ಹೇಳುತ್ತದೆ. ಒಳಗೆ ಏನಿದೆ, ಎಷ್ಟಿದೆ, ಚೆನ್ನಾಗಿದೆಯಾ ಎಂಬುದಕ್ಕೆ ಬೇರೆ ಕಾನೂನುಗಳಿವೆ, ಅವು ಪ್ಯಾಕೆಟ್ಟಿನ ಬೇರೆ ಜಾಗದಲ್ಲಿ ಮಾತಾಡುತ್ತವೆ.

ಒಂದು ಎಣ್ಣೆ ಬಾಟಲಿ ತೆಗೆದುಕೊಳ್ಳಿ. ಮುಂದೆ ದಪ್ಪ ಅಕ್ಷರದಲ್ಲಿ 'ಶುದ್ಧ' ಅಂತಲೋ 'ನ್ಯಾಚುರಲ್' ಅಂತಲೋ ಸೇರಿಸಿಕೊಂಡ ಹೆಸರು. ಹೆಸರಿನ ತಲೆಯ ಮೇಲೆ ಒಂದು ಪುಟ್ಟ ನಕ್ಷತ್ರ ಇದೆಯಾ ನೋಡಿ. ಇದ್ದರೆ ಬಾಟಲಿ ತಿರುಗಿಸಿ ಅದೇ ನಕ್ಷತ್ರ ಹುಡುಕಿ. ಅದರ ಪಕ್ಕದಲ್ಲಿ, ಇದು ಬ್ರ್ಯಾಂಡ್ ಹೆಸರು ಅಥವಾ ಟ್ರೇಡ್‌ಮಾರ್ಕ್ ಮಾತ್ರ, ಪದಾರ್ಥದ ನಿಜಗುಣವನ್ನು ಹೇಳುವುದಿಲ್ಲ ಎಂಬ ಅರ್ಥದ ಇಂಗ್ಲಿಷ್ ಸಾಲು ಇರುತ್ತದೆ. ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) 2018ರಲ್ಲಿ ತಂದ ಜಾಹೀರಾತು ಮತ್ತು ಕ್ಲೇಮು ನಿಯಮಗಳ ಫಲ ಇದು. ನ್ಯಾಚುರಲ್, ಫ್ರೆಶ್, ಪ್ಯೂರ್, ಒರಿಜಿನಲ್, ಟ್ರೆಡಿಷನಲ್, ಜೆನ್ಯೂನ್, ರಿಯಲ್ ಇಂಥ ಪದಗಳನ್ನು ಮನಸ್ಸಿಗೆ ಬಂದಂತೆ ಬಳಸುವ ಹಾಗಿಲ್ಲ. ಅವು ಬ್ರ್ಯಾಂಡ್ ಹೆಸರಿನೊಳಗೇ ಸೇರಿಕೊಂಡು ಗ್ರಾಹಕರಿಗೆ ತಪ್ಪು ಕಲ್ಪನೆ ಕೊಡುವಂತಿದ್ದರೆ ಆ ಸಾಲನ್ನು ಕನಿಷ್ಠ 3 ಮಿಲಿಮೀಟರ್ ಎತ್ತರದ ಅಕ್ಷರದಲ್ಲಿ ಹಾಕಲೇಬೇಕು. ಅಂದರೆ ಕಂಪನಿಯೇ ಬರೆದುಕೊಡುತ್ತಿದೆ: ಮುಂದೆ ನೀವು ಓದಿದ್ದನ್ನು ನಂಬಬೇಡಿ ಅಂತ. ಇಷ್ಟು ಪ್ರಾಮಾಣಿಕವಾದ ಸಾಲು ಇಡೀ ಲೇಬಲ್ಲಿನಲ್ಲಿ ಇನ್ನೊಂದಿಲ್ಲ. ಓದುವವರು ಮಾತ್ರ ಕಡಿಮೆ.

ತಿರುಗಿಸಿದ ಮೇಲೆ ಪದಾರ್ಥದ ಸಾಮಾನ್ಯ ಹೆಸರನ್ನೂ ಓದಿಬಿಡಿ. ಮುಂದುಗಡೆ ಕಡಲೆಕಾಯಿ ಚಿತ್ರ ಇದ್ದು ಹಿಂದೆ 'ಬ್ಲೆಂಡೆಡ್ ಎಡಿಬಲ್ ವೆಜಿಟೇಬಲ್ ಆಯಿಲ್' ಅಂತಿದ್ದರೆ ಅದು ಬೆರಕೆ ಎಣ್ಣೆ. ಬೆರಕೆ ಎಣ್ಣೆ ಮಾರುವುದು ಕಾನೂನುಬಾಹಿರ ಅಲ್ಲ. ಆದರೆ ಯಾವ್ಯಾವ ಎಣ್ಣೆ, ಶೇಕಡಾ ಎಷ್ಟೆಷ್ಟು ಅಂತ ಬರೆಯಲೇಬೇಕು, ಸೀಲ್ ಮಾಡಿದ ಪ್ಯಾಕಿನಲ್ಲೇ ಮಾರಬೇಕು. ಪಾವಗಡ, ಚಿಂತಾಮಣಿ ಕಡೆ ಕಡಲೆಕಾಯಿ ಬೆಳೆಯುವವರೇ ಅಂಗಡಿಗೆ ಬಂದು ಚಿತ್ರ ನೋಡಿ ಬೆರಕೆ ಎಣ್ಣೆ ಒಯ್ಯುತ್ತಾರೆ.

ತೂಕದ್ದು ಇನ್ನೊಂದು ಆಟ. ಒಂದು ಲೀಟರ್ ಕಡಲೆಕಾಯಿ ಎಣ್ಣೆ ಸುಮಾರು 910 ಗ್ರಾಂ ತೂಗುತ್ತದೆ. ಪಕ್ಕದಲ್ಲೇ ಹೆಚ್ಚುಕಡಿಮೆ ಅದೇ ಗಾತ್ರದ ಪೌಚಿನಲ್ಲಿ 850 ಗ್ರಾಂ ಇಟ್ಟಿರುತ್ತಾರೆ, ಬೆಲೆ ಹತ್ತು ರೂಪಾಯಿ ಕಡಿಮೆ. ಅಗ್ಗ ಅನ್ನಿಸುತ್ತದೆ. ಎಂಆರ್‌ಪಿ ಹತ್ತಿರ ಸಣ್ಣದಾಗಿ ಗ್ರಾಂಗೆ ಇಷ್ಟು, ಮಿಲಿಲೀಟರ್‌ಗೆ ಇಷ್ಟು ಅಂತ ಬರೆದಿರುವ ಯೂನಿಟ್ ಬೆಲೆ ಇರುತ್ತದೆ. ಪ್ಯಾಕ್ ಮಾಡಿದ ಸರಕುಗಳ ಕಾನೂನು ಮಾಪನ ನಿಯಮದಲ್ಲಿ ಇದು ಕಡ್ಡಾಯ. ಆ ಅಂಕಿಯನ್ನು ಹೋಲಿಸಿ ತೆಗೆದುಕೊಳ್ಳಿ. ಒಂದು ಕಡೆ ಗ್ರಾಂ ಲೆಕ್ಕ, ಇನ್ನೊಂದು ಕಡೆ ಮಿಲಿಲೀಟರ್ ಲೆಕ್ಕ ಇದ್ದರೆ ಮೇಲಿನ 910 ನೆನಪಿಟ್ಟುಕೊಂಡು ಲೆಕ್ಕ ಹಾಕಿ.

ಶ್ರೀನಿವಾಸಪುರದ ಮಾವಿನ ತೋಟದ ಚಿತ್ರ ಹಾಕಿದಂತಿರುವ ಜ್ಯೂಸ್ ಬಾಟಲಿಗೂ ಇದೇ ಮಾತು. ಹಿಂದೆ 'ಫ್ರೂಟ್ ಡ್ರಿಂಕ್' ಅಥವಾ 'ರೆಡಿ ಟು ಸರ್ವ್' ಅಂತಿದ್ದರೆ ಕಾನೂನು ಕೇಳುವುದು ಶೇಕಡಾ 10ರಷ್ಟು ಹಣ್ಣಿನ ಅಂಶ ಮಾತ್ರ. ಸಾಂದ್ರ ರಸಕ್ಕೆ ನೀರು ಬೆರೆಸಿ ತಯಾರಿಸಿದ ಜ್ಯೂಸಿಗೆ '100% ಫ್ರೂಟ್ ಜ್ಯೂಸ್' ಅಂತ ಬರೆಯುವುದನ್ನು ನಿಲ್ಲಿಸಿ ಎಂದು ಎಫ್‌ಎಸ್‌ಎಸ್‌ಎಐ 2024ರ ಜೂನ್‌ನಲ್ಲಿ ಆದೇಶ ಹೊರಡಿಸಿತು.

ಈಗ ಹೆಸರಿನ ವಿಷಯ. ™ ಗುರುತನ್ನು ಯಾರು ಬೇಕಾದರೂ ಹಾಕಿಕೊಳ್ಳಬಹುದು, ಇದು ನನ್ನ ಗುರುತು ಅಂತ ಹೇಳಿಕೊಂಡ ಹಾಗೆ. ® ಮಾತ್ರ ನೋಂದಣಿ ಆದ ಮೇಲೇ. ಅರ್ಜಿ ಹಾಕಿದ ಮಾರನೇ ದಿನವೇ ® ಅಚ್ಚು ಹಾಕಿಸಿದ ಲೇಬಲ್ಲುಗಳು ಬೇಕಾದಷ್ಟಿವೆ. 1999ರ ಟ್ರೇಡ್‌ಮಾರ್ಕ್ ಕಾಯ್ದೆಯ 107ನೇ ಸೆಕ್ಷನ್ ಪ್ರಕಾರ ನೋಂದಣಿ ಆಗದ್ದನ್ನು ಆಗಿದೆ ಅಂತ ತೋರಿಸುವುದು ತಪ್ಪು. ಪರೀಕ್ಷಿಸುವುದು ಕಷ್ಟವಲ್ಲ. ಟ್ರೇಡ್‌ಮಾರ್ಕ್ ನೋಂದಣಿ ಕಚೇರಿಯ ಐಪಿ ಇಂಡಿಯಾ ಜಾಲತಾಣದ ಪಬ್ಲಿಕ್ ಸರ್ಚ್‌ನಲ್ಲಿ ಹೆಸರನ್ನೂ ಕ್ಲಾಸ್ ಸಂಖ್ಯೆಯನ್ನೂ (ಸರಕು ಯಾವ ವರ್ಗದ್ದು ಅನ್ನುವ ಸಂಖ್ಯೆ, ವಿವರ ಮುಂದಿದೆ) ಕೊಟ್ಟು ಹುಡುಕಿ. 'ರಿಜಿಸ್ಟರ್ಡ್' ಅಂತಿದ್ದರೆ ಸರಿ. 'ಆಬ್ಜೆಕ್ಟೆಡ್' (ಪರೀಕ್ಷಕರ ಆಕ್ಷೇಪ ಇದೆ), 'ಅಪೋಸ್ಡ್' (ಬೇರೆಯವರ ತಕರಾರು ಇದೆ), 'ಅಬ್ಯಾಂಡನ್ಡ್' (ಅರ್ಜಿ ಕೈಬಿಟ್ಟಂತಾಗಿದೆ) ಅಂತಿದ್ದರೆ ® ಹಾಕುವ ಹಕ್ಕಿಲ್ಲ. ಅಂದ ಹಾಗೆ, ® ಇದ್ದ ಮಾತ್ರಕ್ಕೆ ಸರ್ಕಾರ ಆ ಸರಕನ್ನು ಪರೀಕ್ಷೆ ಮಾಡಿದೆ ಅಂತಲೂ ಅಲ್ಲ. ರಿಜಿಸ್ಟ್ರಿಯಲ್ಲಿ ಕೂತವರು ನಿಮ್ಮ ಉಪ್ಪಿನಕಾಯಿ ರುಚಿ ನೋಡುವುದಿಲ್ಲ.

ಗುಣಮಟ್ಟದ ಬಗ್ಗೆ ಮಾತಾಡುವ ಗುರುತುಗಳು ಬೇರೆ: ಐಎಸ್‌ಐ, ಆಗ್‌ಮಾರ್ಕ್, ರೇಷ್ಮೆಗೆ ಸಿಲ್ಕ್ ಮಾರ್ಕ್. ಶಿಡ್ಲಘಟ್ಟದಂಥ ಗೂಡಿನ ಊರಿನ ಪಕ್ಕದಲ್ಲಿದ್ದೂ ಪಾಲಿಯೆಸ್ಟರ್ ಸೀರೆಗೆ ರೇಷ್ಮೆ ಬೆಲೆ ಕೊಡುವವರಿದ್ದಾರಲ್ಲ, ಅವರಿಗಾಗಿ ಎರಡು ಮಾತು. ಸಿಲ್ಕ್ ಮಾರ್ಕ್ ಕೇಂದ್ರ ರೇಷ್ಮೆ ಮಂಡಳಿಯ ಗುರುತು. ಲೇಬಲ್ಲಿನಲ್ಲಿ ಹಾಲೋಗ್ರಾಂ, ಪ್ರತ್ಯೇಕ ಸಂಖ್ಯೆ ಇರುತ್ತವೆ. ಅಂಗಡಿಯ ಗೋಡೆಗೆ ಸಿಲ್ಕ್ ಮಾರ್ಕ್ ಬೋರ್ಡ್ ಇದ್ದರೆ ಸಾಲದು, ನೀವು ಕೊಳ್ಳುವ ಸೀರೆಗೇ ಲೇಬಲ್ ಇರಬೇಕು. ಅದು ನೂಲು ಅಪ್ಪಟ ರೇಷ್ಮೆ ಅಂತ ಮಾತ್ರ ಹೇಳುತ್ತದೆ. ಜರಿ ಬೆಳ್ಳಿಯದ್ದಾ, ಕೈಮಗ್ಗದ್ದಾ ಪವರ್‌ಲೂಮಿನದ್ದಾ ಅಂತ ಹೇಳುವುದಿಲ್ಲ. ಕೈಮಗ್ಗಕ್ಕೆ ಹ್ಯಾಂಡ್‌ಲೂಮ್ ಮಾರ್ಕ್ ಬೇರೆಯೇ ಇದೆ. ಲೇಬಲ್ ಇಲ್ಲದಿದ್ದರೆ ಹಳೇ ಉಪಾಯ: ಸೆರಗಿನ ತುದಿಯಿಂದ ಉದ್ದದ್ದೊಂದು, ಅಡ್ಡದ್ದೊಂದು ಎಳೆ ತೆಗೆದು ಬೇರೆಬೇರೆಯಾಗಿ ಸುಡಿ. ರೇಷ್ಮೆ ಕೂದಲು ಸುಟ್ಟ ವಾಸನೆ ಬರುತ್ತದೆ, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಗುಂಡಾಗುತ್ತದೆ. ಎರಡೂ ಎಳೆ ಸುಡಬೇಕು, ಯಾಕೆಂದರೆ ಹಾಸು ರೇಷ್ಮೆ, ಹೊಕ್ಕು ಬೇರೆ ಇರುವ ಸೀರೆಗಳೇ ಮೋಸಕ್ಕೆ ಹೆಚ್ಚು ಬಳಕೆ.

ಊರಿನ ಹೆಸರುಗಳ ಕಥೆ ಬೇರೆ. ಕ್ಯಾತ್ಸಂದ್ರದಲ್ಲೋ ತುಮಕೂರಲ್ಲೋ ಹೋಟೆಲ್ ಇಟ್ಟವರೊಬ್ಬರು 'ತುಮಕೂರು ತಟ್ಟೆ ಇಡ್ಲಿ' ಎಂಬ ಮಾತನ್ನು ತಮ್ಮದೊಂದೇ ಮಾಡಿಕೊಳ್ಳಲು ಸಾಧ್ಯವೇ? ಬರೀ ಆ ಮಾತಿನ ಮೇಲೆ ಆಗುವುದಿಲ್ಲ. ಕಾಯ್ದೆಯ 9ನೇ ಸೆಕ್ಷನ್, ಸರಕಿನ ಬಗೆ, ಗುಣ, ಪ್ರಮಾಣ, ಬೆಲೆ, ಹುಟ್ಟಿದ ಊರು ಇವನ್ನಷ್ಟೇ ಹೇಳುವ ಪದಗಳಿಗೆ ನೋಂದಣಿ ಕೊಡಬೇಡಿ ಅನ್ನುತ್ತದೆ. ಸಿಗರೇಟಿಗೆ 'ಸಿಮ್ಲಾ' ಅಂತ ಹೆಸರಿಟ್ಟುಕೊಳ್ಳಲು ಹೋದ ಕಂಪನಿಗೆ ಕಲ್ಕತ್ತಾ ಹೈಕೋರ್ಟ್ 1977ರಲ್ಲಿ ಇಲ್ಲ ಅಂದದ್ದು ಇದೇ ತರ್ಕದ ಮೇಲೆ. ಊರಿನ ಹೆಸರು ಊರವರೆಲ್ಲರದು. ಹಾಗೆಯೇ ಗ್ರಾಹಕರಿಗೆ ದಾರಿ ತಪ್ಪಿಸುವ ಹೆಸರಿಗೂ ನೋಂದಣಿ ಇಲ್ಲ. ವನಸ್ಪತಿಗೆ 'ತುಪ್ಪ' ಅಂತ ಹೆಸರಿಟ್ಟು ಬಂದರೆ ಬಾಗಿಲಲ್ಲೇ ತಡೆಯಬೇಕು.

ಊರಿಗೂ ಸರಕಿಗೂ ನಿಜವಾದ ನಂಟಿದ್ದರೆ ಅದಕ್ಕೆ ಜಿಐ, ಅಂದರೆ ಭೌಗೋಳಿಕ ಸೂಚಿಕೆ. ನಮ್ಮ ಕಡೆ ಬೆಳೆಯುವ ಬೆಂಗಳೂರು ನೀಲಿ ದ್ರಾಕ್ಷಿಗೂ ಬೆಂಗಳೂರು ಗುಲಾಬಿ ಈರುಳ್ಳಿಗೂ ಜಿಐ ಇದೆ. ಹೆಸರು ಬೆಂಗಳೂರಿನದಾದರೂ ಚಿಕ್ಕಬಳ್ಳಾಪುರ, ಕೋಲಾರದ ಹೊಲಗಳೂ ಅದರ ಸೀಮೆಯಲ್ಲಿ ಬರುತ್ತವೆ. ಇಲ್ಲಿ ಹೆಚ್ಚು ಜನ ಬಿಟ್ಟುಬಿಡುವ ಹೆಜ್ಜೆ ಒಂದಿದೆ. ಜಿಐ ಬಂದಾಕ್ಷಣ ಎಲ್ಲ ಬೆಳೆಗಾರರೂ ಜಿಐ ಗುರುತು ಹಾಕಿ ಮಾರಬಹುದು ಅಂತಲ್ಲ. ಬೆಳೆಗಾರ ಚೆನ್ನೈನ ಜಿಐ ರಿಜಿಸ್ಟ್ರಿಯಲ್ಲಿ 'ಅಧಿಕೃತ ಬಳಕೆದಾರ' ಅಂತ ಹೆಸರು ನೋಂದಾಯಿಸಿಕೊಳ್ಳಬೇಕು. ಅದಿಲ್ಲದೆ ಹೋದರೆ ಬೆಳೆದವನ ಕೈಗೆ ಆ ಗುರುತಿನ ಬೆಲೆ ಸಿಗುವುದಿಲ್ಲ, ನಡುವೆ ಕೂತವನು ಲೇಬಲ್ ಹಚ್ಚಿಕೊಂಡು ಹೋಗುತ್ತಾನೆ.

ಸಣ್ಣ ತಯಾರಕರಿಗೆ ಈಗ. ಸ್ತ್ರೀಶಕ್ತಿ ಸಂಘದವರು ಹುಚ್ಚೆಳ್ಳು ಚಟ್ನಿಪುಡಿ ಮಾಡುತ್ತಾರೆ, ತಿಪಟೂರಿನವರು ಗಾಣದ ಕೊಬ್ಬರಿ ಎಣ್ಣೆ ತೆಗೆಯುತ್ತಾರೆ. ಹೆಸರು ಇಡುವಾಗಲೇ ಅರ್ಧ ಕೆಲಸ ಕೆಡುತ್ತದೆ. 'ರುಚಿ', 'ಮನೆಯೂಟ', 'ಶುದ್ಧ ಗಾಣ' ಇಂಥ ಹೆಸರು ಇಟ್ಟರೆ ಪದಾರ್ಥದ ಗುಣವನ್ನಷ್ಟೇ ಹೇಳುತ್ತದೆ ಅಂತ ಪರೀಕ್ಷಕರು 9ನೇ ಸೆಕ್ಷನ್ ಅಡಿ ಆಕ್ಷೇಪ ಹಾಕುತ್ತಾರೆ, ಇಲ್ಲವೇ ಆಗಲೇ ಹತ್ತು ಜನ ಅದನ್ನೇ ಹಾಕಿರುತ್ತಾರೆ. ಪದಾರ್ಥಕ್ಕೆ ಸಂಬಂಧವೇ ಇಲ್ಲದ ಹೆಸರು ಆರಿಸಿ. ಬೆಟ್ಟದ ಹೆಸರು, ಹಕ್ಕಿಯ ಹೆಸರು, ನೀವೇ ಕಟ್ಟಿದ ಪದ, ಏನಾದರೂ ಸರಿ. ಬೆಟ್ಟದ ಹೆಸರಾದರೆ ಆ ಸರಕಿಗೆ ಹೆಸರಾದ ಬೆಟ್ಟ ಆಗಿರಬಾರದು ಅಷ್ಟೇ.

ಆಮೇಲೆ ಕ್ಲಾಸ್. ಸರಕು ಮತ್ತು ಸೇವೆಗಳನ್ನು 45 ಕ್ಲಾಸುಗಳಾಗಿ ಹಂಚಿದ್ದಾರೆ, 34 ಸರಕಿಗೆ, 11 ಸೇವೆಗೆ. ತಿಪಟೂರಿನ ಒಂದೇ ತೆಂಗಿನಕಾಯಿ ಎಷ್ಟು ಕಡೆ ಹಂಚಿಹೋಗುತ್ತದೆ ನೋಡಿ: ಕಾಯಿ ಮತ್ತು ಕೊಬ್ಬರಿ 31ನೇ ಕ್ಲಾಸು, ಒಣ ಕಾಯಿತುರಿ ಮತ್ತು ಅಡುಗೆ ಎಣ್ಣೆ 29, ತಲೆಗೆ ಹಚ್ಚುವ ಎಣ್ಣೆ 3, ನಾರು 22. ಅಡುಗೆ ಎಣ್ಣೆಗೆ 29ರಲ್ಲಿ ಮಾತ್ರ ನೋಂದಾಯಿಸಿದವರು ಮುಂದೆ ಅದೇ ಹೆಸರಲ್ಲಿ ಹೇರ್ ಆಯಿಲ್ ತರಲು ಹೋದರೆ 3ರಲ್ಲಿ ಇನ್ಯಾರೋ ಕೂತಿರುತ್ತಾರೆ. (ಕೊಳ್ಳುವವರಿಗೂ ಇದರಲ್ಲಿ ಉಪಯೋಗ ಇದೆ. ಕೊಬ್ಬರಿ ಎಣ್ಣೆ ಬಾಟಲಿಯ ಮೇಲೆ 14 ಅಂಕಿಯ ಎಫ್‌ಎಸ್‌ಎಸ್‌ಎಐ ಸಂಖ್ಯೆ, ಹಸಿರು ಚುಕ್ಕಿ ಇದ್ದರೆ ತಿನ್ನುವ ಎಣ್ಣೆ. ಇಲ್ಲದಿದ್ದರೆ ಒಗ್ಗರಣೆಗೆ ಹಾಕಬೇಡಿ.) ಇಡ್ಲಿ ಮಿಕ್ಸ್, ಚಟ್ನಿಪುಡಿ, ಬೆಲ್ಲ, ಮಸಾಲೆ 30ಕ್ಕೆ ಹೋಗುತ್ತವೆ. ಹೋಟೆಲ್ 43.

ಅರ್ಜಿ ಟಿಎಂ-ಎ ನಮೂನೆಯಲ್ಲಿ. ಆನ್‌ಲೈನಿನಲ್ಲಿ ಹಾಕಿದರೆ ವ್ಯಕ್ತಿಗೆ, ಸ್ಟಾರ್ಟಪ್ಪಿಗೆ, ಸಣ್ಣ ಉದ್ಯಮಕ್ಕೆ ಒಂದು ಕ್ಲಾಸಿಗೆ 4,500 ರೂಪಾಯಿ, ಉಳಿದವರಿಗೆ 9,000. ಸಣ್ಣ ಉದ್ಯಮ ಅಂತ ಕಡಿಮೆ ಶುಲ್ಕ ಕಟ್ಟಬೇಕಾದರೆ ಸಣ್ಣ ಉದ್ಯಮಗಳಿಗೆ ಕೇಂದ್ರ ಸರ್ಕಾರ ಕೊಡುವ 'ಉದ್ಯಮ್' ನೋಂದಣಿ ಪ್ರಮಾಣಪತ್ರ ಲಗತ್ತಿಸಬೇಕು. ಕರ್ನಾಟಕದ ಅರ್ಜಿಗಳು ಚೆನ್ನೈ ಕಚೇರಿಗೆ ಸೇರುತ್ತವೆ, ಅಲ್ಲಿಗೆ ಹೋಗುವ ಅಗತ್ಯ ಇಲ್ಲ. ಲೋಗೋ ಹಾಕುವ ಮೊದಲು ಬರೀ ಪದಕ್ಕೇ ಅರ್ಜಿ ಹಾಕಿ. ಲೋಗೋ ಮಾತ್ರ ನೋಂದಾಯಿಸಿದರೆ ನಾಳೆ ಬಣ್ಣ, ಅಕ್ಷರ ಬದಲಿಸಿದಾಗ ರಕ್ಷಣೆ ಸಡಿಲವಾಗುತ್ತದೆ. ಆಗಲೇ ಮಾರುತ್ತಿದ್ದರೆ ಎಂದಿನಿಂದ ಅಂತ ಬರೆದು ಅಫಿಡವಿಟ್ ಜೊತೆ ಹಳೇ ಬಿಲ್, ಮುದ್ರಣದ ರಸೀದಿ ಕೊಡಿ. ಅರ್ಜಿದಾರರ ಹೆಸರು ತಪ್ಪುವುದೂ ಬಹಳ. ವ್ಯಾಪಾರ ಪಾಲುದಾರಿಕೆಯದು, ಅರ್ಜಿ ಒಬ್ಬ ಪಾಲುದಾರರ ಹೆಸರಲ್ಲಿ. ಜಗಳ ಬಂದ ದಿನ ಹೆಸರು ಅವರ ಜೊತೆ ಎದ್ದು ಹೋಗುತ್ತದೆ.

ಪರೀಕ್ಷಾ ವರದಿ ಬಂದ 30 ದಿನದೊಳಗೆ ಉತ್ತರ ಕೊಡಬೇಕು. ಅರ್ಜಿ ಟ್ರೇಡ್‌ಮಾರ್ಕ್ ಕಚೇರಿಯ ಜರ್ನಲ್‌ನಲ್ಲಿ ಪ್ರಕಟವಾದ ಮೇಲೆ 4 ತಿಂಗಳು ಯಾರು ಬೇಕಾದರೂ ತಕರಾರು ಹಾಕಬಹುದು. ತಕರಾರಿನ ನೋಟಿಸ್ ತಲುಪಿದ 2 ತಿಂಗಳೊಳಗೆ ಪ್ರತಿಹೇಳಿಕೆ ಹಾಕದಿದ್ದರೆ ಅರ್ಜಿ ಕೈಬಿಟ್ಟಂತೆ. ನೋಟಿಸ್ ಬರುವುದು ಇಮೇಲಿಗೆ. ಅರ್ಜಿ ಹಾಕಿಕೊಟ್ಟ ಸೈಬರ್ ಸೆಂಟರಿನವರ ಇಮೇಲ್ ಕೊಟ್ಟಿದ್ದರಂತೂ ಮುಗಿಯಿತು. ನೋಂದಣಿ 10 ವರ್ಷಕ್ಕೆ, ಮತ್ತೆ ನವೀಕರಿಸಬಹುದು.

ನೋಂದಣಿ ಇಲ್ಲದವರಿಗೆ ಹಕ್ಕೇ ಇಲ್ಲ ಅಂತ ಹೆದರಿಸುವ ಏಜೆಂಟರ ಮಾತು ಪೂರ್ತಿ ನಿಜವಲ್ಲ. ತಿರುನೆಲ್ವೇಲಿಯ 'ಇರುಟ್ಟುಕಡೈ ಹಲ್ವಾ' ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2015ರಲ್ಲಿ, ಮೊದಲಿನಿಂದ ಬಳಸುತ್ತಾ ಬಂದವರ ಹಕ್ಕು ನೋಂದಣಿಗಿಂತ ಮೇಲು ಅಂದಿತು. ಆದರೆ ಮೊದಲಿನಿಂದ ಅನ್ನುವುದನ್ನು ಸಾಬೀತು ಮಾಡಬೇಕು, ಅದಕ್ಕೇ ಹಳೇ ಬಿಲ್ಲು.

ಒಂದೇ ಹೆಸರು ಇಬ್ಬರಿಗೆ ಇರಬಹುದೇ ಅನ್ನುವುದಕ್ಕೆ ನಮ್ಮ ಮನೆಬಾಗಿಲ ಉದಾಹರಣೆಯೇ ಇದೆ. ಕೆಎಂಎಫ್‌ನ 'ನಂದಿನಿ' ಹಾಲು 1985ರಿಂದ. 'ನಂದಿನಿ ಡೀಲಕ್ಸ್' ಹೋಟೆಲಿನವರು 1989ರಿಂದ, ಇಂಗ್ಲಿಷ್ ಸ್ಪೆಲ್ಲಿಂಗಿನಲ್ಲಿ ಒಂದು 'ಎಚ್' ಹೆಚ್ಚು. ಹೋಟೆಲಿನವರು ತಿನಿಸುಗಳಿಗೆ ನೋಂದಣಿ ಕೇಳಿದಾಗ ಶುರುವಾದ ವ್ಯಾಜ್ಯ ಹೈಕೋರ್ಟಿನಲ್ಲಿ ಕೆಎಂಎಫ್ ಪರ ಆಯಿತು, 2018ರ ಜುಲೈಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಿರುಗಿಸಿತು. ನಂದಿನಿ ದೇವತೆಯ, ಹಸುವಿನ ಹೆಸರು, ಯಾರೂ ಹೊಸದಾಗಿ ಕಟ್ಟಿದ ಪದವಲ್ಲ. ಒಬ್ಬರದು ಹಾಲು, ಇನ್ನೊಬ್ಬರದು ಹೋಟೆಲ್ ತಿನಿಸು. ಚಿತ್ರ, ವಿನ್ಯಾಸ ಬೇರೆ. ಹಾಗಾಗಿ ಜನ ಗೊಂದಲಕ್ಕೆ ಬೀಳುವುದಿಲ್ಲ ಅಂತ. ಹಾಲು ಮತ್ತು ಹಾಲಿನ ಪದಾರ್ಥಗಳಿಗೆ ಮಾತ್ರ ಹೋಟೆಲಿನವರಿಗೆ ನೋಂದಣಿ ಇಲ್ಲ. ಗೊಂದಲವನ್ನು ಅಳೆಯುವುದು ಸಾಮಾನ್ಯ ಬುದ್ಧಿಯ, ಅರೆಬರೆ ನೆನಪಿನ ಗ್ರಾಹಕರ ಕಣ್ಣಿನಿಂದ. 'ಅಮೃತಧಾರಾ', 'ಲಕ್ಷ್ಮಣಧಾರಾ' ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1962ರಲ್ಲೇ ಹೇಳಿದ ಮಾತು ಇದು. ಎರಡೂ ಬಾಟಲಿ ಅಕ್ಕಪಕ್ಕ ಇಟ್ಟು ಹೋಲಿಸುವ ವಕೀಲರ ಕಣ್ಣು ಲೆಕ್ಕಕ್ಕಿಲ್ಲ.

ಇನ್ನು ಬೇರೆಯವರ ಹೆಸರನ್ನು ನಾವು ಹೇಳಬಹುದೇ? ಹೇಳಬಹುದು. 30ನೇ ಸೆಕ್ಷನ್ ಪ್ರಾಮಾಣಿಕ ಬಳಕೆಗೆ ಬಾಗಿಲು ತೆರೆದಿಟ್ಟಿದೆ. ಇಂಥ ಕಂಪನಿಯ ಮಿಕ್ಸಿಗೆ ಹೊಂದುವ ಜಾರ್ ಅಂತ ಬಿಡಿಭಾಗ ಮಾರುವವರು ಬರೆಯಬಹುದು. ರಿಪೇರಿ ಅಂಗಡಿಯವರು ಇಲ್ಲಿ ಇಂಥ ಮೊಬೈಲ್ ರಿಪೇರಿ ಮಾಡುತ್ತೇವೆ ಅಂತ ಬರೆಯಬಹುದು. ಕಂಪನಿಯ ಲೋಗೋವನ್ನೇ ಬೋರ್ಡಿನ ಮುಕ್ಕಾಲು ಭಾಗಕ್ಕೆ ಹಚ್ಚಿ, 'ಆಥರೈಸ್ಡ್' ಅಂತ ಸೇರಿಸಿದರೆ ಅದು ಪ್ರಾಮಾಣಿಕ ಅಲ್ಲ. ನಮ್ಮದೇ ಒಳ್ಳೆಯದು ಅಂತ ಜಾಹೀರಾತು ಕೊಡಬಹುದು, ಪಕ್ಕದವರದು ಕೆಟ್ಟದ್ದು ಅಂತ ಆಧಾರವಿಲ್ಲದೆ ಹೇಳುವಂತಿಲ್ಲ.

ಗ್ರಾಹಕರ ವಿಮರ್ಶೆಗೂ ಇದೇ. ಪ್ರೋಟೀನ್ ಪುಡಿಯ ಬಗ್ಗೆ ಯೂಟ್ಯೂಬ್‌ನಲ್ಲಿ ಟೀಕೆ ಮಾಡಿದವರ ಮೇಲೆ ಕಂಪನಿಯೊಂದು ಟ್ರೇಡ್‌ಮಾರ್ಕ್, ಮಾನಹಾನಿ ಎರಡನ್ನೂ ಹಿಡಿದು ಹೋದಾಗ ದೆಹಲಿ ಹೈಕೋರ್ಟ್ 2025ರ ಏಪ್ರಿಲ್‌ನಲ್ಲಿ ಮಧ್ಯಂತರ ತಡೆ ಕೊಡಲಿಲ್ಲ. ಲ್ಯಾಬ್ ವರದಿ ಇಟ್ಟುಕೊಂಡು ಮಾತಾಡಿದ್ದಾರೆ, ಯಾವ ಸರಕು ಅಂತ ಗುರುತಿಸಲು ಹೆಸರು ಬೇಕೇ ಬೇಕು ಅಂತ. ಆದ್ದರಿಂದ ಬರೆಯುವಾಗ ಬ್ಯಾಚ್ ನಂಬರ್, ತಯಾರಿಕೆಯ ತಿಂಗಳು, ಕೊಂಡ ದಿನ ಹಾಕಿ. "ಈ ಬ್ಯಾಚಿನ ಪ್ಯಾಕೆಟ್ಟಿನಲ್ಲಿ ಹುಳ ಇತ್ತು" ಅನ್ನುವುದಕ್ಕೂ "ಈ ಕಂಪನಿಯವರು ವಿಷ ಮಾರುತ್ತಾರೆ" ಅನ್ನುವುದಕ್ಕೂ ಕೋರ್ಟಿನಲ್ಲಿ ಬಹಳ ದೂರ.

ಮೋಸ ಹೋದರೆ? ಪ್ಯಾಕೆಟ್, ಬಿಲ್ ಎರಡನ್ನೂ ಎಸೆಯಬೇಡಿ. ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ, ಬಹಳಷ್ಟು ದೂರು ಅಲ್ಲೇ ಇತ್ಯರ್ಥ ಆಗುತ್ತವೆ. ತೂಕ, ಎಂಆರ್‌ಪಿ ವಿಷಯ ಆದರೆ ಕಾನೂನು ಮಾಪನ ಶಾಸ್ತ್ರ ಇಲಾಖೆ. ಪರಿಹಾರ ಬೇಕಾದರೆ ಜಿಲ್ಲಾ ಗ್ರಾಹಕ ಆಯೋಗ, 50 ಲಕ್ಷ ರೂಪಾಯಿವರೆಗಿನ ವ್ಯವಹಾರ ಅಲ್ಲಿಗೇ, 5 ಲಕ್ಷದವರೆಗೆ ಶುಲ್ಕ ಇಲ್ಲ, ದೂರಿನ ಕಾರಣ ಹುಟ್ಟಿದ 2 ವರ್ಷದೊಳಗೆ ಹಾಕಬೇಕು. ನಕಲಿ ಬ್ರ್ಯಾಂಡಿನ ಸರಕು ಮಾರಿದ ಅಂಗಡಿಯವರಿಗೂ ಟ್ರೇಡ್‌ಮಾರ್ಕ್ ಕಾಯ್ದೆಯಲ್ಲಿ 6 ತಿಂಗಳಿಂದ 3 ವರ್ಷದವರೆಗೆ ಜೈಲು ಇದೆ. ಗೊತ್ತಿಲ್ಲದೆ ಮಾರಿದೆ ಅನ್ನುವ ಅಂಗಡಿಯವರು ಎಚ್ಚರಿಕೆ ವಹಿಸಿದ್ದನ್ನು ತೋರಿಸಿ, ಎಲ್ಲಿಂದ ತಂದದ್ದು ಅಂತ ಹೇಳಬೇಕಾಗುತ್ತದೆ. ಬಿಲ್ ಇಲ್ಲದೆ ವ್ಯಾನಿನಲ್ಲಿ ಬಂದ ಮಾಲು ಇಳಿಸಿಕೊಂಡವರಿಗೆ ಆ ದಾರಿಯೂ ಇಲ್ಲ.

ಆಹಾರ ಕಲಬೆರಕೆ ಅನ್ನಿಸಿದರೆ ನೀವೇ ಪರೀಕ್ಷೆ ಮಾಡಿಸಬಹುದು ಅನ್ನುವುದು ಹೆಚ್ಚು ಜನಕ್ಕೆ ತಿಳಿದಿಲ್ಲ. 2006ರ ಆಹಾರ ಸುರಕ್ಷತಾ ಕಾಯ್ದೆಯ 40ನೇ ಸೆಕ್ಷನ್ ಕೊಂಡವರಿಗೇ ಆ ಹಕ್ಕು ಕೊಡುತ್ತದೆ, ಶುಲ್ಕ ಕಟ್ಟಿ ಫುಡ್ ಅನಲಿಸ್ಟ್‌ರಿಂದ ವರದಿ ಪಡೆಯಬಹುದು, ದೋಷ ಸಾಬೀತಾದರೆ ಶುಲ್ಕ ವಾಪಸ್. ಜನ ಎಡವುವುದು ಒಂದೇ ಕಡೆ: ಕೊಳ್ಳುವಾಗಲೇ ಅಂಗಡಿಯವರಿಗೆ, ಇದನ್ನು ಪರೀಕ್ಷೆಗೆ ಕಳಿಸುತ್ತೇನೆ ಅಂತ ತಿಳಿಸಿರಬೇಕು. ಮನೆಗೆ ಒಯ್ದು, ಒಡೆದು, ಅರ್ಧ ಬಳಸಿದ ಮೇಲೆ ಅನುಮಾನ ಬಂದರೆ ಆ ಪ್ಯಾಕೆಟ್ ಇದಕ್ಕೆ ಆಗುವುದಿಲ್ಲ. ಬಿಲ್ ಹಾಕಿಸಿ, ತಿಳಿಸಿ, ಅದೇ ಬ್ಯಾಚಿನ ಇನ್ನೊಂದನ್ನು ಸೀಲ್ ಒಡೆಯದೆ ತನ್ನಿ.